ಮೊಮ್ಮಕ್ಕಳ ಹೊಸ ವರ್ಷ

ನಮ್ಮ ನಾಡಿನಲ್ಲಿ ಹೊಸ ವರ್ಷಗಳಿಗೆ ಕೊರತೆಯಿಲ್ಲ. ಬೇವುಬೆಲ್ಲದ ಯುಗಾದಿ ಪಂಚಾಂಗದವರದು; ಜನವರಿ ಒಂದನೆಯ ತಾರೀಖು ಗೋಡೆಯ ಕ್ಯಾಲೆಂಡರಿನವರದು; ಏಪ್ರಿಲ್ ಒಂದನೆಯ ತಾರೀಖು ಲೆಕ್ಕಪತ್ರದ ಕಚೇರಿಗಳದು; ದೀಪಾವಳಿಯ ಪಾಡ್ಯ ಅಂಗಡಿಯ ಸಾಹುಕಾರರದು. ಇವೆಲ್ಲವೂ ಬಂದು ಹೋದರೂ, ಓದುವ ಮಕ್ಕಳಿರುವ ಮನೆಯಲ್ಲಿ ವರ್ಷವು ನಿಜವಾಗಿ ತಿರುಗುವುದು ಮೇ ತಿಂಗಳ ಕಡೆಯಲ್ಲೋ ಜೂನ್ ತಿಂಗಳ ಮೊದಲಲ್ಲೋ ಶಾಲೆಯ ಬಾಗಿಲು ತೆರೆದ ದಿವಸ. ವಯಸ್ಸೆಷ್ಟೆಂದು ಕೇಳಿದರೆ ಮಗುವು ತನ್ನ ತರಗತಿಯನ್ನು ಹೇಳುತ್ತದೆ. ನಮ್ಮಂಥ ಮುದುಕರ ಲೆಕ್ಕವೂ ಬಹುಮಟ್ಟಿಗೆ ಹಾಗೆಯೇ. ಎಪ್ಪತ್ತೊಂದೋ ಎಪ್ಪತ್ತೆರಡೋ ಎಂಬುದು ನಮಗೆ ಸಂದೇಹವಾದರೂ, ಮೊಮ್ಮಗಳು ಈ ಸಲ ನಾಲ್ಕನೆಯ ತರಗತಿ ಎಂಬುದರಲ್ಲಿ ಸಂದೇಹವಿರುವುದಿಲ್ಲ.

ಮಲೆನಾಡಿನಲ್ಲಿ ಈ ಹೊಸ ವರ್ಷಕ್ಕೆ ಮಳೆಯೇ ಪುರೋಹಿತ. ರೋಹಿಣಿಯ ಮಳೆ ತೊಡಗಿ ಮೃಗಶಿರೆಗೆ ದಾರಿ ಬಿಡುವ ಹೊತ್ತಿಗೆ ಸರಿಯಾಗಿ ಶಾಲೆಗಳು ತೆರೆಯುತ್ತವೆ. ಹೊಸ ಅಂಗಿ, ಹೊಸ ಪುಸ್ತಕ, ಹೊಸ ಕೊಡೆ, ಈ ಮೂರೂ ಒಂದೇ ದಿನ ನೆನೆಯುತ್ತವೆ. ಹಿಂದೆ ಹೀಗಿರಲಿಲ್ಲ. ನನ್ನ ಅಜ್ಜನವರು ಐಗಳ ಮಠದಲ್ಲಿ ಓದಿದವರು. ಅಲ್ಲಿ ಹೊಸ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದುದು ಮಳೆ ಹಿಂದೆಗೆದು ಆಕಾಶ ತಿಳಿಯಾದ ಮೇಲೆ, ವಿಜಯದಶಮಿಯ ದಿನ. ಮೊದಲು ಮರಳಿನ ಮೇಲೆ ಬೆರಳಿನಿಂದ ಓನಾಮ ತಿದ್ದಿ, ಅನಂತರ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪು ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು ಅವರು ಅಕ್ಷರಸ್ಥರಾದರು. ನವರಾತ್ರಿಯಲ್ಲಿ ಐಗಳೊಡನೆ ಮನೆಮನೆಗೆ ಹೋಗಿ ಚೌಪದ ಹಾಡಿ ಗುರುಗಳಿಗೆ ಸಂಭಾವನೆಯನ್ನು ಕೂಡಿಸುತ್ತಿದ್ದುದನ್ನು ಅವರು ಕಡೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ರೈಸ್ ಅವರ ಕಾಲದ ಹೋಬಳಿ ಶಾಲೆಗಳ ಯೋಜನೆ ಬಂದದ್ದು ೧೮೬೮ರಲ್ಲಿ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ಕೊಟ್ಟ ಶಾಸನವಾದದ್ದು ೧೯೧೩ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಐಗಳ ಮಠವು ಹೀಗೆ ಮೆಲ್ಲಮೆಲ್ಲನೆ ಸರ್ಕಾರದ ಶಾಲೆಗೆ ಎಡೆ ಬಿಟ್ಟಿತು. ನಾನು ಸ್ಲೇಟು ಹಿಡಿದು ಒಂದನೆಯ ತರಗತಿಗೆ ಹೋದದ್ದು ೧೯೫೯ರಲ್ಲಿ. ಗೋಡೆಯ ಬುಡದಲ್ಲಿ ಬೆಳೆಯುವ, ನೀರು ತುಂಬಿದ ಕಡ್ಡಿಗಿಡದಿಂದ ಸ್ಲೇಟನ್ನು ಒರಸಿ ಬಿಸಿಲಿಗೆ ಹಿಡಿಯುತ್ತಿದ್ದ ನೆನಪು ಇನ್ನೂ ಬೆರಳಿನಲ್ಲಿದೆ.

ಈಗ ಮನೆಯಲ್ಲಿ ನನಗೆ ಉಳಿದಿರುವ ವಿದ್ಯೆ ಒಂದೇ: ಪುಸ್ತಕಗಳಿಗೆ ಬೈಂಡು ಹಾಕುವುದು. ಖಾಕಿ ಕಾಗದವನ್ನು ನೆರಿಗೆಯಿಲ್ಲದಂತೆ ಮಡಿಸಿ, ಮೂಲೆಗಳನ್ನು ಒಳಕ್ಕೆ ತಿರುಗಿಸಿ, ಮಳೆಗಾಲದಲ್ಲಿ ಬಿಚ್ಚಿಕೊಳ್ಳದಂತೆ ಅಂಟಿಸುವುದರಲ್ಲಿ ನನಗಿರುವ ಹೆಸರು ಬೆಂಗಳೂರಿನವರೆಗೆ ಹಬ್ಬಿರುವ ಕಾರಣ, ಅಲ್ಲಿರುವ ನನ್ನ ಮಗನು ತನ್ನ ಮಗಳನ್ನು ಬೇಸಿಗೆಯ ರಜೆಗೆ ಕಳುಹಿಸುವಾಗ ಅವಳ ಮುಂದಿನ ವರ್ಷದ ಪುಸ್ತಕಗಳನ್ನೂ ಕಟ್ಟಿ ಕಳುಹಿಸುತ್ತಾನೆ. ಮಗಳನ್ನು ಕೊಟ್ಟಿರುವುದು ಇದೇ ಊರಿನಲ್ಲಿ. ಅವಳ ಮಗನ ಪುಸ್ತಕಗಳನ್ನು ಸರ್ಕಾರದವರು ಉಚಿತವಾಗಿ ಕೊಡುತ್ತಾರೆ. ಅವು ಶಾಲೆ ತೆರೆದ ಮೇಲೆ ಕೈಗೆ ಬರುತ್ತವೆ. ಆದ್ದರಿಂದ ನನ್ನ ಕೆಲಸವು ಎರಡು ಕಂತುಗಳಲ್ಲಿ ಸಾಗುವುದು. ಬೈಂಡು ಹಾಕುವವನಿಗೆ ಒಂದು ಲಾಭವುಂಟು. ಮಗುವು ಇನ್ನೂ ತೆರೆಯದ ಪುಸ್ತಕವನ್ನು ಅವನು ಮೊದಲೇ ಓದುತ್ತಾನೆ. ಈ ಬರಹದಲ್ಲಿ ಹೇಳಬೇಕೆಂದಿರುವುದು ಹಾಗೆ ಓದಿದ್ದರಿಂದ ತಿಳಿದ ಸಂಗತಿ.

ಮಗನ ಮಗಳಿಗೂ ಮಗಳ ಮಗನಿಗೂ ವಯಸ್ಸಿನಲ್ಲಿ ನಾಲ್ಕು ತಿಂಗಳ ಅಂತರ, ತರಗತಿ ಒಂದೇ. ಅವಳದು ರಾಜ್ಯದ ಪಠ್ಯಕ್ರಮವನ್ನೇ ಇಂಗ್ಲಿಷಿನಲ್ಲಿ ಹೇಳಿಕೊಡುವ ಖಾಸಗಿ ಶಾಲೆ. ಇವನದು ನಮ್ಮ ಬೀದಿಯ ತಿರುವಿನಲ್ಲಿರುವ ಸರ್ಕಾರಿ ಕನ್ನಡ ಶಾಲೆ. ಅವಳ ತರಗತಿಯಲ್ಲಿ ನಲವತ್ತು ಮಂದಿ; ಇವನ ತರಗತಿಯಲ್ಲಿ ಒಂಬತ್ತು ಮಂದಿ. ಅವಳು ಮೂರು ವರ್ಷದವಳಿದ್ದಾಗಲೇ ಶಾಲೆಯ ವಾಹನ ಹತ್ತಿದವಳು. ಇವನು ಮೂರನೆಯ ತರಗತಿಯವರೆಗೆ ನಲಿ-ಕಲಿಯ ಚಿತ್ರದ ಚೀಟಿಗಳನ್ನು ಹಿಡಿದು ನೆಲದ ಮೇಲೆ ಗುಂಪು ಕೂಡಿ ಕಲಿತವನು. ಆ ಪದ್ಧತಿ ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಹುಟ್ಟಿ ಅನಂತರ ರಾಜ್ಯಕ್ಕೆಲ್ಲ ಹರಡಿದುದೆಂಬುದನ್ನು ವಾಚಕರು ಬಲ್ಲರು. ಮಧ್ಯಾಹ್ನದ ಊಟವನ್ನು ಅವಳು ಡಬ್ಬಿಯಲ್ಲಿ ಒಯ್ಯುತ್ತಾಳೆ. ಇವನು ತಟ್ಟೆ ಹಿಡಿದು ಅಕ್ಷರ ದಾಸೋಹದ ಸಾಲಿನಲ್ಲಿ ಕೂರುತ್ತಾನೆ. ಇವೆಲ್ಲ ಹೊರಗಿನ ಭೇದಗಳು. ರಜೆಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಹಲಸಿನಹಣ್ಣಿನ ಸುತ್ತ ಕುಳಿತು, ಒಂದೇ ಹೊಡೆತಕ್ಕೆ ಹೆದರಿ ಬೆಳೆದವರಾದುದರಿಂದ ಅವು ಅವರಿಗೆ ಭೇದಗಳೆಂದೇ ತೋರಿರಲಿಲ್ಲ.

ಹೊರೆಯ ವಿಷಯವನ್ನು ಮೊದಲು ಹೇಳಿಬಿಡುವೆನು. ಬೈಂಡು ಹಾಕಿ ಮುಗಿಸಿದ ಮೇಲೆ ಅವಳ ಚೀಲವನ್ನು ಅಡಕೆ ತೂಗುವ ತಕ್ಕಡಿಗೆ ಹಾಕಿದೆನು. ನಾಲ್ಕು ಕಿಲೋ ಮೀರಿತು. ಮೂರರಿಂದ ಐದನೆಯ ತರಗತಿಯ ಮಗುವಿನ ಚೀಲ ಎರಡರಿಂದ ಮೂರು ಕಿಲೋ ಇರಬೇಕೆಂದು ನಮ್ಮ ಸರ್ಕಾರವು ೨೦೧೯ರಲ್ಲಿ ಆಜ್ಞೆ ಮಾಡಿದೆ. ಅದಕ್ಕೂ ಮೂವತ್ತು ವರ್ಷ ಹಿಂದೆ, ೧೯೮೯ರಲ್ಲಿ, ಮೈಸೂರಿನಲ್ಲಿ ಬಾಳಿದ ಕಾದಂಬರಿಕಾರ ಆರ್. ಕೆ. ನಾರಾಯಣರು ರಾಜ್ಯಸಭೆಯಲ್ಲಿ ಎದ್ದು ನಿಂತು ಮಾತನಾಡಿದ್ದು ಮಕ್ಕಳ ಈ ಚೀಲದ ವಿಷಯವನ್ನೇ. ಅನಂತರ ಯಶಪಾಲರ ಸಮಿತಿ ಕುಳಿತು ೧೯೯೩ರಲ್ಲಿ ವರದಿ ಕೊಟ್ಟಿತು. ಇಷ್ಟು ಮಂದಿ ದೊಡ್ಡವರು ಕೈಹಾಕಿದರೂ ಚೀಲವು ತೆಳ್ಳಗಾಗಿಲ್ಲವೆಂಬುದು ಬೇರೆ ಮಾತು. ಆ ಹೊರೆಯನ್ನು ತೂಗಿ ನೋಡುವುದಕ್ಕಾದರೂ ಸಾಧ್ಯವಿದೆ. ಈ ಬೇಸಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಹೊರೆ ತಕ್ಕಡಿಗೆ ಬರತಕ್ಕದ್ದಲ್ಲ.

ಮಕ್ಕಳು ಶಾಲೆಯ ಆಟ ಆಡುವುದು ಎಲ್ಲ ಮನೆಗಳಲ್ಲಿಯೂ ಉಂಟು. ಮೇ ತಿಂಗಳ ನಡುವಿನಲ್ಲಿ ಒಂದು ಮಧ್ಯಾಹ್ನ ಜಗುಲಿಯ ಮೇಲೆ ಶಾಲೆ ನಡೆಯಿತು. ಮೊಮ್ಮಗಳು ಉಪಾಧ್ಯಾಯಿನಿ, ಅವಳ ಅತ್ತೆಯ ಮಗ ವಿದ್ಯಾರ್ಥಿ. ಅವಳ ಶಾಲೆಯ ರೀತಿ ಏನೋ ಅದೇ ರೀತಿ ಇಲ್ಲಿಯೂ ನಡೆಯಬೇಕಾಗಿತ್ತು. ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಇಂಗ್ಲಿಷಿನಲ್ಲಿ, ನೀರು ಕುಡಿಯಲು ಅಪ್ಪಣೆ ಕೇಳುವುದೂ ಇಂಗ್ಲಿಷಿನಲ್ಲಿಯೇ. ಹುಡುಗನಿಗೆ ಪ್ರಶ್ನೆ ಅರ್ಥವಾಗುತ್ತಿದ್ದಂತೆ ಮುಖದಲ್ಲಿ ಕಾಣುತ್ತಿತ್ತು, ಉತ್ತರವೂ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹದಿನೈದು ನಿಮಿಷ ಸುಮ್ಮನೆ ಕುಳಿತು, ಕಡೆಗೆ ಎದ್ದು ಹೊರಗೆ ಹೋದನು. ಮಾರನೆಯ ದಿನ ಅವನು ಶಾಲೆಯನ್ನು ತೋಟದಲ್ಲಿ ತೆರೆದನು. ಇದು ಯಾವ ಮರ, ಇದು ಯಾವ ಹಕ್ಕಿಯ ಕೂಗು, ಈ ಬಳ್ಳಿ ತುರಿಸುತ್ತದೆಯೋ ಇಲ್ಲವೋ, ಇಪ್ಪತ್ತೇಳಕ್ಕೆ ಮೂವತ್ತೆಂಟು ಕೂಡಿದರೆ ಎಷ್ಟು. ಈ ಸಲ ಸುಮ್ಮನಾದವಳು ಅವಳು. ಗಣಿತದಲ್ಲಿ ಜಾಣೆಯಾದ ಆ ಹುಡುಗಿ ‘ಇಪ್ಪತ್ತೇಳು’ ಎಂಬ ಮಾತನ್ನು ಮನಸ್ಸಿನೊಳಗೆ ‘ಟ್ವೆಂಟಿ ಸೆವೆನ್’ ಮಾಡಿಕೊಂಡು, ಕೂಡಿ, ಬಂದ ಉತ್ತರವನ್ನು ಪುನಃ ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಪ್ರಶ್ನೆ ಕೇಳಿದವನು ಮುಂದಿನ ಮರಕ್ಕೆ ಹೋಗಿಯಾಗಿತ್ತು.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿರುತ್ತಿತ್ತು, ಜಗಳಕ್ಕೆ ಸಂಜೆಯೊಳಗೆ ರಾಜಿಯುಂಟು. ಆದದ್ದು ಬೇರೆ. ಆ ರಾತ್ರಿ ಅವಳು ತನ್ನ ಅಜ್ಜಿಯೊಡನೆ, “ಅವನಿಗೆ ನಾನು ಹೇಳೋದು ಗೊತ್ತಾಗಲ್ಲ ಅಜ್ಜಿ” ಎಂದಳು. ಅವನು ನನ್ನೊಡನೆ, “ಅಜ್ಜ, ಅವಳಿಗೆ ಕನ್ನಡ ಬರೂದಿಲ್ಲ” ಎಂದನು. ಅವಳಿಗೆ ಕನ್ನಡ ಬಾರದೆ ಇಲ್ಲ. ಹಸಿವಾಯಿತೆಂದು, ಭಯವಾಯಿತೆಂದು, ಇನ್ನೊಂದು ಕಥೆ ಹೇಳೆಂದು ಅವಳು ಕೇಳುವುದು ಕನ್ನಡದಲ್ಲಿಯೇ. ಅವನಿಗೆ ಇಂಗ್ಲಿಷು ಪೂರಾ ಬಾರದೆಯೂ ಇಲ್ಲ. ಆದರೂ ಇಬ್ಬರೂ ಎರಡು ದಿನ ಬೇರೆಬೇರೆಯಾಗಿ ಆಡಿದರು. ಒಂದೇ ಅಜ್ಜಿಯ ಕೈತುತ್ತು ತಿಂದ ಎರಡು ಮಕ್ಕಳು ಒಬ್ಬರನ್ನೊಬ್ಬರು ಅನುವಾದಿಸಿಕೊಂಡು ಮಾತನಾಡಬೇಕಾದ ಕಾಲ ಬರುವುದಾದರೆ, ಅದು ಬರುವುದು ಹೀಗೆಯೇ: ಕೂಗಾಟವಿಲ್ಲದೆ, ವರ್ಷಕ್ಕೊಂದು ತರಗತಿಯ ಪ್ರಮಾಣದಲ್ಲಿ. ಮುಂದಿನ ಬೇಸಿಗೆಗೆ ಐದನೆಯ ತರಗತಿಯ ಅಂತರ, ಅದರ ಮುಂದಿನದಕ್ಕೆ ಆರನೆಯದು. ಹದಿನೈದು ವರ್ಷಗಳ ತರುವಾಯ ಯಾವುದೋ ಮದುವೆಯ ಮನೆಯಲ್ಲಿ ಇವರಿಬ್ಬರೂ ಎದುರಾಗಿ, ಕುಶಲಪ್ರಶ್ನೆಯಾದ ಮೇಲೆ ಮಾತು ತೋರದೆ ನಿಲ್ಲುವುದನ್ನು ನಾನು ಅಂದು ರಾತ್ರಿ ಕಂಡಂತಾಯಿತು.

ಇಲ್ಲಿಗೆ ಬಂದ ಮೇಲೆ ಮಾಧ್ಯಮದ ವಾದವನ್ನು ಎತ್ತಬೇಕೆಂದು ಕೆಲವರು ನಿರೀಕ್ಷಿಸಬಹುದು. ಆ ವಾದದ ಇತಿಹಾಸವನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ೧೯೮೨ರ ಗೋಕಾಕ್ ಚಳವಳಿಯಲ್ಲಿ ನಮ್ಮೂರಿನಲ್ಲಿಯೂ ಮೆರವಣಿಗೆಗಳಾದವು. ೧೯೯೪ರಲ್ಲಿ ಸರ್ಕಾರವು ಮೊದಲ ನಾಲ್ಕು ತರಗತಿಗಳ ಪಾಠ ಮಾತೃಭಾಷೆಯಲ್ಲಿ ಇಲ್ಲವೆ ಕನ್ನಡದಲ್ಲಿ ನಡೆಯಬೇಕೆಂದು ಆಜ್ಞೆ ಹೊರಡಿಸಿತು. ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ತಂದೆತಾಯಿಗಳಿಗೆ ಸೇರಿದ್ದೆಂದೂ, ಸರ್ಕಾರವು ಮಾತೃಭಾಷೆಯನ್ನು ಬಲವಂತವಾಗಿ ಹೇರುವಂತಿಲ್ಲವೆಂದೂ ತೀರ್ಪು ಕೊಟ್ಟಿತು. ಮಗನೂ ಸೊಸೆಯೂ ತಮ್ಮ ಮಗುವಿನ ಅನ್ನದ ದಾರಿಯನ್ನು ಯೋಚಿಸಿ ಒಂದನ್ನು ಆರಿಸಿದರು. ಮಗಳೂ ಅಳಿಯನೂ ತಮ್ಮ ಕೈಯಳತೆಯನ್ನೂ ತಮ್ಮ ನಂಬಿಕೆಯನ್ನೂ ನೋಡಿ ಇನ್ನೊಂದನ್ನು ಆರಿಸಿದರು. ಇಬ್ಬರನ್ನೂ ನಾನು ಬಲ್ಲೆ. ಇಬ್ಬರೂ ಮಗುವನ್ನು ಪ್ರೀತಿಸುವವರೇ. ಅಜ್ಜನಾದವನಿಗೆ ಈ ಸಭೆಯಲ್ಲಿ ಮತವಿಲ್ಲ. ಮತವಿಲ್ಲದವನಿಗೂ ಕೆಲಸವಿರಬಹುದಷ್ಟೆ. ಅದು ಯಾವುದೆಂದು ಯೋಚಿಸುತ್ತಿದ್ದಾಗ ನನ್ನ ಅಜ್ಜನವರು ನೆನಪಾದರು.

ನಾನು ಶಾಲೆಗೆ ಸೇರುವುದಕ್ಕೆ ಎರಡು ವರ್ಷ ಮೊದಲು, ೧೯೫೭ರ ಏಪ್ರಿಲ್ ಒಂದರಿಂದ, ದೇಶದಲ್ಲಿ ನಯೇ ಪೈಸೆ ಬಂದಿತ್ತು. ಶಾಲೆಯಲ್ಲಿ ರೂಪಾಯಿಗೆ ನೂರು ಪೈಸೆಯೆಂದು ಕಲಿತು ಬಂದರೆ, ಮನೆಯಲ್ಲಿ ಅಜ್ಜನವರು ರೂಪಾಯಿಗೆ ಹದಿನಾರಾಣೆಯೆಂದು ಹೇಳಿ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅಂಗಡಿಯಲ್ಲಿ ಎರಡು ಬಗೆಯ ನಾಣ್ಯಗಳೂ ಕೆಲವು ವರ್ಷ ಒಟ್ಟಿಗೆ ಚಲಾವಣೆಯಲ್ಲಿದ್ದವು. ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಸರ್ಕಾರವು ಕೋಷ್ಟಕವೊಂದನ್ನು ಕೊಟ್ಟಿದ್ದಿತು: ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಅಜ್ಜನವರು ಇದನ್ನು ನೋಡಿ, “ಒಂದಾಣೆಗೆ ಆರೂಕಾಲು ಬರಬೇಕಲ್ಲ, ಆ ಕಾಲು ಪೈಸೆ ಎಲ್ಲಿ ಹೋಯಿತೋ?” ಎಂದು ನನ್ನನ್ನು ಕೇಳುತ್ತಿದ್ದರು. ಕಾಲು ಪೈಸೆಯ ನಾಣ್ಯವಿಲ್ಲವಾದುದರಿಂದ ಅದನ್ನು ಬಿಟ್ಟಿದ್ದಾರೆಂದು ನಾನು ಶಾಲೆಯಲ್ಲಿ ಕೇಳಿ ಬಂದು ಹೇಳಿದೆನು. “ಬಿಟ್ಟರೆ ಹೋಗಲಿ, ಲೆಕ್ಕದಲ್ಲಿ ಮಾತ್ರ ಮರೆಯಬೇಡ” ಎಂದರು. ಹೊಸ ನಾಣ್ಯವನ್ನು ಅವರು ಹಳಿಯಲಿಲ್ಲ. ಹಳೆಯದೇ ಬೇಕೆಂದು ಹಟ ಹಿಡಿಯಲೂ ಇಲ್ಲ. ಒಂದು ಲೆಕ್ಕವನ್ನು ಇನ್ನೊಂದಕ್ಕೆ ತಿರುಗಿಸುವಾಗ ಸೋರಿಹೋಗುವ ಕಾಲು ಪೈಸೆಯ ಮೇಲೆ ಕಣ್ಣಿಟ್ಟಿದ್ದರು, ಅಷ್ಟೇ. ಮನೆಯಲ್ಲಿ ಒಬ್ಬ ಮುದುಕನು ಮಾಡಬಹುದಾದ ಕೆಲಸವು ಇದೇ ಇರಬಹುದೆಂದು ನನಗೆ ತೋರಿತು.

ಮೂರನೆಯ ದಿನ ಮಕ್ಕಳಿಬ್ಬರನ್ನೂ ಕರೆದು ಬೈಂಡು ಹಾಕುವುದಕ್ಕೆ ಕೂರಿಸಿದೆನು. ಒಬ್ಬರು ಕಾಗದ ಹಿಡಿಯಬೇಕು, ಇನ್ನೊಬ್ಬರು ಅಂಟು ಬಳಿಯಬೇಕು. ಮಾತನಾಡದೆ ಆಗುವ ಕೆಲಸವಲ್ಲ. ಹುಡುಗನ ಹೊಸ ಪುಸ್ತಕಗಳು ಇನ್ನೂ ಬಂದಿರಲಿಲ್ಲವಾದರೂ, ನೆರೆಮನೆಯ ಹುಡುಗನು ಐದಕ್ಕೆ ಹೋಗುವಾಗ ಕೊಟ್ಟ ನಾಲ್ಕನೆಯ ತರಗತಿಯ ಹಳೆಯ ಪುಸ್ತಕಗಳು ಅವನಲ್ಲಿದ್ದವು. ಕೆಲಸ ಸಾಗುತ್ತಿದ್ದಂತೆ ಪರಿಸರ ಅಧ್ಯಯನದ ಎರಡು ಪುಸ್ತಕಗಳು, ಇಂಗ್ಲಿಷಿನದು ಒಂದು, ಕನ್ನಡದ್ದು ಒಂದು, ಅಕ್ಕಪಕ್ಕದಲ್ಲಿ ತೆರೆದು ಬಿದ್ದವು. ಮೊದಲು ಕಂಡವಳು ಹುಡುಗಿ. “ಅಜ್ಜ, ಇವನ ಪುಸ್ತಕದಲ್ಲಿ ನನ್ನ ಪಿಕ್ಚರ್ ಇದೆ!” ಚಿತ್ರ ಅದೇ, ಪಾಠದ ಕ್ರಮ ಅದೇ, ಕೆಳಗಿನ ಪ್ರಶ್ನೆಯೂ ಅದೇ. ನಮ್ಮ ರಾಜ್ಯದ ಪಠ್ಯಪುಸ್ತಕ ಸಂಘವು ಒಂದೇ ಪಾಠಗಳನ್ನು ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ ಮುಂತಾದ ಮಾಧ್ಯಮಗಳಲ್ಲಿ ಅಚ್ಚು ಹಾಕಿಸುತ್ತದೆಂಬುದು ತಿಳಿದವರಿಗೆ ಸೋಜಿಗವಲ್ಲ. ಒಂಬತ್ತು ವರ್ಷದ ಮಕ್ಕಳಿಗೆ ಅದು ಕಳೆದುಹೋದ ಗೆಳೆಯನು ಪಕ್ಕದ ಮನೆಯಲ್ಲಿಯೇ ಇದ್ದಂತಾಯಿತು. ಅಂಟಿನ ಬಟ್ಟಲನ್ನು ಮರೆತು ಇಬ್ಬರೂ ಪುಟದ ಮೇಲೆ ಪುಟ ತಿರುಗಿಸಿ ಸರಿನೋಡತೊಡಗಿದರು.

ಬೇರುಗಳ ಪಾಠ ಬಂದಿತು. ಅವಳು “ಟ್ಯಾಪ್ ರೂಟ್” ಎಂದು ಓದಿದಳು. ಅದರಲ್ಲಿ ನಲ್ಲಿ ಎಲ್ಲಿ ಬಂತೆಂದು ಅವಳಿಗೇ ಅನುಮಾನ; ಗಿಡವು ನೀರು ಕುಡಿಯುವ ನಲ್ಲಿಯಿರಬೇಕೆಂದು ಒಂದು ಅರ್ಥ ಹಚ್ಚಿದಳು. ಹುಡುಗನು ತನ್ನ ಪುಸ್ತಕದಲ್ಲಿ ನೋಡಿ “ತಾಯಿಬೇರು” ಎಂದನು. “ತಾಯಿನಾ? ಬೇರಿಗೆ ತಾಯಿ ಇರ್ತಾಳಾ?” ಎಂದು ಅವಳು ಕಣ್ಣರಳಿಸಿದಳು. ಅವನಿಗೆ ಹುರುಪು ಬಂದಿತು. ಹೊರಗೆ ಮಳೆ ಬಂದು ನಿಂತಿದ್ದುದರಿಂದ ನೆಲ ಮೆತ್ತಗಿತ್ತು. ಅಂಗಳದ ಅಂಚಿನಲ್ಲಿದ್ದ ತುಂಬೆಯ ಗಿಡವೊಂದನ್ನು ಬುಡಸಹಿತ ಕಿತ್ತು ತಂದು, ನೀರಿನಲ್ಲಿ ಅಲುಬಿ, ನಡುವಿನ ದಪ್ಪ ಬೇರನ್ನೂ ಅದರ ಮೈಯಿಂದ ಹೊರಟ ಎಳೆಗಳನ್ನೂ ತೋರಿಸಿ, “ಇದು ತಾಯಿ, ಇವೆಲ್ಲ ಮಕ್ಕಳು” ಎಂದನು. ಅವಳು ಅದನ್ನು ಬಹಳ ಹೊತ್ತು ಹಿಡಿದು ನೋಡಿದಳು. ‘ಟ್ಯಾಪ್ ರೂಟ್’ ಎಂದು ಬರೆದು ಅಂಕ ಪಡೆಯುವುದಕ್ಕೆ ಆ ತಾಯಿ ಬೇಕಾಗಿಲ್ಲ. ಆದರೂ ಅವಳಿಲ್ಲದೆ ಲೆಕ್ಕದಲ್ಲಿ ಕಾಲು ಪೈಸೆ ಕಡಮೆ.

ಸೋರಿಕೆ ಒಂದೇ ಕಡೆಯಲ್ಲಿದೆಯೆಂದು ನಾನು ಹೇಳುವುದಾದರೆ ಅದು ಅನ್ಯಾಯವಾದೀತು. ಮುಂದಿನ ಚಿತ್ರ ಹುಲ್ಲಿನ ಬೇರಿನದು. ಹುಡುಗನು “ತಂತುಬೇರು” ಎಂದು ಓದಿ ನಿಂತುಬಿಟ್ಟನು. ತಂತು ಎಂದರೇನೆಂದು ಅವನಿಗೆ ತಿಳಿಯದು. ಕನ್ನಡದ ಪುಸ್ತಕದಲ್ಲಿ ಅಚ್ಚಾಗಿದ್ದರೂ ಅದು ಅವನ ಮನೆಯ ಮಾತಲ್ಲ. ಅವನಿಗೆ ಅದು ಇಂಗ್ಲಿಷಿನಷ್ಟೇ ದೂರ. ಅವಳ ಪುಸ್ತಕದಲ್ಲಿ “ಫೈಬ್ರಸ್” ಎಂದಿತ್ತು; ಬೆಳಗಿನ ತಿಂಡಿಯ ಡಬ್ಬಿಯ ಮೇಲೆ ‘ಫೈಬರ್’ ಎಂಬ ಮಾತನ್ನು ಓದಿದ್ದ ಅವಳು ಎಳೆ ಎಳೆಯಾದದ್ದಿರಬೇಕೆಂದು ಊಹಿಸಿದಳು. ಇಲ್ಲಿ ಕೈಹಿಡಿದು ನಡೆಸಿದವಳು ಅವಳು. ಅಷ್ಟರಲ್ಲಿ ಒಳಗಿನಿಂದ ಹೂ ಕಟ್ಟುತ್ತ ಬಂದ ಅಜ್ಜಿ ಇಬ್ಬರ ಕೈಯಲ್ಲಿದ್ದ ಹುಲ್ಲಿನ ಬುಡವನ್ನು ನೋಡಿ, “ಅದು ನಾರಲ್ಲವೇನೇ ಪುಟ್ಟೀ? ಇಲ್ಲಿ ನೋಡು, ನನ್ನ ಕೈಯಲ್ಲಿರೋ ಬಾಳೆನಾರಿನ ಹಾಗೇ ಇಲ್ಲವಾ? ನಾರುಬೇರು ಅನ್ನಿ” ಎಂದು ಹೇಳಿ ತನ್ನ ಪಾಡಿಗೆ ಹೋದಳು. ನಾರುಬೇರು! ಎರಡು ಪುಸ್ತಕಗಳಲ್ಲಿಯೂ ಇಲ್ಲದ, ಇಬ್ಬರಿಗೂ ತಟ್ಟನೆ ತಿಳಿದ ಮಾತು. ಅಂದು ಸಂಜೆ ಅವರು ಅಂಗಳದ ಎಷ್ಟು ಗಿಡಗಳನ್ನು ಕಿತ್ತರೆಂಬುದನ್ನು ಮರುದಿನ ಅಜ್ಜಿಯೇ ಎಣಿಸಬೇಕಾಯಿತು.

ಬೈಂಡು ಹಾಕುತ್ತ ಹಾಕುತ್ತ ಇನ್ನೊಂದು ಸಂಗತಿಯೂ ಹೊರಬಿದ್ದಿತು. ೨೦೧೫ರ ಕಾಯಿದೆಯ ಪ್ರಕಾರ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿಯೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ಆದಕಾರಣ ಅವಳ ಚೀಲದಲ್ಲಿ ಒಂದು ಕನ್ನಡ ಪುಸ್ತಕವಿದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ೨೦೦೭ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ತೊಡಗುತ್ತದೆ; ಆದಕಾರಣ ಅವನಲ್ಲಿ ಒಂದು ಇಂಗ್ಲಿಷ್ ಪುಸ್ತಕವಿದೆ. ಪ್ರತಿಯೊಬ್ಬರ ಚೀಲದಲ್ಲಿಯೂ ಇನ್ನೊಬ್ಬರ ಮನೆಗೆ ಹೋಗುವ ದಾರಿಯೊಂದು ಮಡಿಸಿ ಇಡಲ್ಪಟ್ಟಿದೆ. ಶಾಲೆಗೆ ಅವು ಎರಡನೆಯ ಭಾಷೆಯ ಪುಸ್ತಕಗಳು. ಅವುಗಳಲ್ಲಿ ಪರೀಕ್ಷೆಗೆ ಬೇಕಾದಷ್ಟನ್ನು ಗುರುಗಳು ಕಲಿಸುವರು. ಆ ದಾರಿಯಲ್ಲಿ ನಡೆದು ಹೋಗಿ ಒಬ್ಬರನ್ನು ಮಾತನಾಡಿಸಬಹುದೆಂಬುದನ್ನು ಕಲಿಸಲು ಎದುರಿಗೆ ಒಬ್ಬರು ಇರಬೇಕು. ಅವಳಿಗೆ ಅವನು ಬೇಕು. ಅವನಿಗೆ ಅವಳು ಬೇಕು. ಇಬ್ಬರನ್ನೂ ಒಂದೇ ಜಗುಲಿಯ ಮೇಲೆ ಕೂರಿಸುವುದಕ್ಕೆ ಅಜ್ಜ ಅಜ್ಜಿಯರ ಮನೆ ಬೇಕು. ಈಚೆಗೆ ಒಂದೇ ಮನೆತನದ ಮಕ್ಕಳು ಬೇರೆಬೇರೆ ಊರು, ಬೇರೆಬೇರೆ ಮಾಧ್ಯಮ, ಬೇರೆಬೇರೆ ಪಠ್ಯಕ್ರಮಗಳಿಗೆ ಹಂಚಿಹೋಗಿರುವಾಗ, ಅವರೆಲ್ಲರೂ ಸೇರುವ ಶಾಲೆ ಇದೊಂದೇ ಉ��ಿದಿದೆಯೆಂದರೆ ಅತಿಶಯೋಕ್ತಿಯಾಗದು. ಇದಕ್ಕೆ ಮಾನ್ಯತೆ ಬೇಕಿಲ್ಲ, ಶುಲ್ಕವಿಲ್ಲ. ವರ್ಷಕ್ಕೆ ಎರಡು ತಿಂಗಳು ಮಾತ್ರ ನಡೆಯುತ್ತದೆ. ಉಪಾಧ್ಯಾಯರಿಗೆ ವಯಸ್ಸಾಗಿರುವುದರಿಂದ ಎಷ್ಟು ವರ್ಷ ನಡೆದೀತೆಂಬುದೂ ನಿಶ್ಚಯವಿಲ್ಲ. ಅದಕ್ಕಾಗಿಯೇ ಆ ಎರಡು ತಿಂಗಳನ್ನು ಬೇಸಿಗೆ ಶಿಬಿರಗಳಿಗೂ ಮುಂದಿನ ತರಗತಿಯ ಪಾಠದ ತಯಾರಿಗೂ ಒಪ್ಪಿಸಿಬಿಡುವ ತಂದೆತಾಯಿಗಳೊಡನೆ ನನಗೆ ಒಂದು ವಿನಂತಿಯಿದೆ: ಅರ್ಧವನ್ನಾದರೂ ನಮಗೆ ಬಿಡಿರಿ.

ಮೇ ತಿಂಗಳ ಕಡೆಯ ವಾರ ಮಗನು ಬಂದನು. ಹೊರಡುವ ಹಿಂದಿನ ರಾತ್ರಿ ನಾನು ಉಳಿದ ಖಾಕಿ ಕಾಗದದಿಂದ ಎರಡು ನೋಟುಪುಸ್ತಕಗಳಿಗೆ ಬೈಂಡು ಹಾಕಿ, ಪ್ರತಿ ಪುಟದಲ್ಲಿಯೂ ಮೂರು ಅಂಕಣಗಳನ್ನು ಗೆರೆ ಎಳೆದು, ಒಂದನ್ನು ಅವಳಿಗೂ ಒಂದನ್ನು ಅವನಿಗೂ ಕೊಟ್ಟೆನು. ಶಾಲೆಯಲ್ಲಿ ಹೊಸದೊಂದು ಮಾತು ಬಂದಾಗಲೆಲ್ಲ ಅವಳು ಇಂಗ್ಲಿಷಿನದನ್ನು ಬರೆಯತಕ್ಕದ್ದು. ಅವನು ಕನ್ನಡದ್ದನ್ನು ಬರೆಯತಕ್ಕದ್ದು. ದಸರೆಯ ರಜೆಯಲ್ಲಿ ಎರಡನ್ನೂ ಎದುರುಬದುರು ಇಟ್ಟು ಒಬ್ಬರದನ್ನೊಬ್ಬರು ತುಂಬಿಕೊಳ್ಳತಕ್ಕದ್ದು. ಮೂರನೆಯ ಅಂಕಣವನ್ನು ಅಜ್ಜಿಗಾಗಿ ಖಾಲಿ ಬಿಡಬೇಕು. ಮಗನು ಇದನ್ನು ನೋಡಿ, “ಅವಳಿಗೆ ಇರೋ ಹೋಮ್‌ವರ್ಕ್ ಸಾಲದೇನಪ್ಪ?” ಎಂದನು. ಆದರೆ ಚೀಲಕ್ಕೆ ಅದನ್ನು ಹಾಕಿದವನು ಅವನೇ. ಮೇಲುಹೊದಿಕೆಯ ಚೀಟಿಯ ಮೇಲೆ ಯಾರ ಹೆಸರು ಬರೆಯಬೇಕೆಂದು ಸ್ವಲ್ಪ ಚರ್ಚೆಯಾಗಿ, ಎರಡರ ಮೇಲೆಯೂ ಎರಡು ಹೆಸರುಗಳನ್ನು, ಅವಳದನ್ನು ಅವನ ಕೈಯಿಂದ ಕನ್ನಡದಲ್ಲಿಯೂ ಅವನದನ್ನು ಅವಳ ಕೈಯಿಂದ ಇಂಗ್ಲಿಷಿನಲ್ಲಿಯೂ ಬರೆಯಿಸಲಾಯಿತು.

ಅವಳು ಹೋದ ಮೂರನೆಯ ದಿನ ಇವನ ಶಾಲೆ ತೆರೆಯಿತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಊಟಕ್ಕೆ ಸಿಹಿ ಮಾಡಿದ್ದರು. ಹೊಸ ಪುಸ್ತಕಗಳು ಬಂದವು. ಎರಡನೆಯ ಕಂತಿನ ಬೈಂಡು ನಡೆಯಿತು. ಮೃಗಶಿರೆಯ ಮಳೆ ಹಿಡಿದ ಒಂದು ಸಂಜೆ ಅವನು ನೆನೆದ ಚೀಲದಿಂದ ನೋಟುಪುಸ್ತಕವನ್ನು ತೆಗೆದು, ಭಿನ್ನರಾಶಿಯ ಪಾಠ ನೋಡಿದೆನೆಂದೂ ‘ನಾಲ್ಕನೇ ಒಂದು ಭಾಗ’ ಎಂದು ಬರೆದೆನೆಂದೂ ಹೇಳಿ, ಫೋನಿನಲ್ಲಿ ಅವಳನ್ನು ಕರೆದನು. ಅವಳು ಅತ್ತ ಕಡೆಯಿಂದ “ವನ್ ಫೋರ್ತ್, ಇಲ್ಲಾಂದ್ರೆ ಕ್ವಾರ್ಟರ್” ಎಂದಳು. ನಾನು ನನ್ನ ಅಜ್ಜನವರ ಮಗ್ಗಿಯನ್ನು ನೆನೆದು “ಕಾಲು” ಎಂದೆನು. ನಡೆಯುವ ಕಾಲೇ ಎಂದು ಅವಳು ನಕ್ಕಳು. ಅಜ್ಜಿ ಅಡಿಗೆಯ ಮನೆಯಿಂದ ರಾತ್ರಿಯ ಅಕ್ಕಿಯನ್ನು ಅಳೆಯುತ್ತಿದ್ದ ಹಿತ್ತಾಳೆಯ ಪಾವನ್ನು ಹಾಗೆಯೇ ಕೈಯಲ್ಲಿ ಹಿಡಿದು ಬಂದು, “ಇಂಥಾ ನಾಲ್ಕು ಹಾಕಿದರೆ ಒಂದು ಸೇರು. ಬರ್ಕೋ ಅಪ್ಪೀ, ಪಾವು” ಎಂದಳು. ಅವನು ಮೂರನೆಯ ಅಂಕಣದಲ್ಲಿ ಬರೆದುಕೊಂಡನು. ಫೋನಿನಲ್ಲಿ ಅವಳು, ಪಾವನ್ನು ಹತ್ತಿರ ತೋರಿಸಬೇಕೆಂದೂ ದಸರೆಗೆ ತಾನು ಬಂದಾಗ ಅಕ್ಕಿ ಅಳೆಯುವುದು ತನ್ನ ಕೆಲಸವೆಂದೂ ಹೇಳುತ್ತಿದ್ದಳು.